ಪೆಟ್ಟಿಗೆ ಹೊತ್ತವರ ಸಂಗೀತ

ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್ ಬಗ್ಗೆ ಈ ಅಂಕಣದಲ್ಲಿ ಹಿಂದೆ ನಾಲ್ಕು ಸಾಲು ಬರೆದಾಗಿನಿಂದ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದಾರೆ. ‘ಸೌಂಡ್ ಸಿಸ್ಟಮ್ ಅಂತ ಏನೋ ಬರೆದಿದ್ದಿರಲ್ಲ, ಅದು ನಮ್ಮೂರ ಮೈಕ್ ಸೆಟ್ಟೇ ತಾನೆ? ಅದಕ್ಕೂ ಒಂದು ಚರಿತ್ರೆ ಬೇಕೆ?’ ಎಂದು ಒಬ್ಬರು. ‘ರೆಗೆ ಜಮೈಕಾದ್ದು, ಬಾಬ್ ಮಾರ್ಲಿ ಜಮೈಕಾದವರು, ನಡುವೆ ಬ್ರಿಟನ್ ಎಲ್ಲಿಂದ ಬಂತು?’ ಎಂದು ಇನ್ನೊಬ್ಬರು. ಇವತ್ತು ಎರಡಕ್ಕೂ ಸೇರಿಸಿ ಉತ್ತರ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಬಾಬ್ ಮಾರ್ಲಿ ಇನ್ನು ಬರುವುದಿಲ್ಲ. ಬರುವವರು ಬಡಗಿಗಳು, ರೇಡಿಯೊ ರಿಪೇರಿಯವರು, ಹಳೇ ವ್ಯಾನ್ ಓಡಿಸಿದವರು, ಬೀರು ಗಾತ್ರದ ಪೆಟ್ಟಿಗೆಗಳನ್ನು ಮೆಟ್ಟಿಲು ಹತ್ತಿಸಿದವರು.

ಕತೆ ಶುರುವಾಗುವುದು ಕಿಂಗ್‌ಸ್ಟನ್ನಿನಲ್ಲೇ, ಅದರಲ್ಲಿ ಅನುಮಾನವಿಲ್ಲ. 1940ರ ದಶಕದ ಕೊನೆ, 50ರ ದಶಕದ ಆರಂಭ. ಅಮೆರಿಕದ ರಿದಮ್ ಅಂಡ್ ಬ್ಲೂಸ್ ಹಾಡುಗಳಿಗೆ ಕುಣಿಯುವ ಹುಚ್ಚು ಜನಕ್ಕಿತ್ತು. ಬ್ಯಾಂಡು ಕರೆಸುವ ದುಡ್ಡಿರಲಿಲ್ಲ, ಬಡವರ ಮನೆಯಲ್ಲಿ ರೆಕಾರ್ಡ್ ಪ್ಲೇಯರೂ ಇರಲಿಲ್ಲ. ಅಂಗಡಿ ನಡೆಸಿ ನಾಲ್ಕು ಕಾಸು ಕಂಡವರು ಆಂಪ್ಲಿಫೈಯರ್, ಸ್ಪೀಕರ್, ರೆಕಾರ್ಡುಗಳನ್ನು ಕೂಡಿಹಾಕಿ ಬಯಲಿನಲ್ಲಿ ಹಾಕತೊಡಗಿದರು. ಅದೇ ಸೌಂಡ್ ಸಿಸ್ಟಮ್, ಬಾಯಿಮಾತಿನಲ್ಲಿ ಬರೀ ‘ಸೌಂಡ್’. ಹಾರ್ಡ್‌ವೇರ್ ವ್ಯಾಪಾರಿ ಟಾಮ್ ವಾಂಗ್ ‘ಟಾಮ್ ದ ಗ್ರೇಟ್ ಸೆಬಾಸ್ಟಿಯನ್’ ಆದರು. ಪೊಲೀಸ್ ಕೆಲಸ ಬಿಟ್ಟು ಮದ್ಯದಂಗಡಿ ಇಟ್ಟ ಡ್ಯೂಕ್ ರೀಡ್ ಒಂದು ಕಡೆ, ಕ್ಲೆಮೆಂಟ್ ‘ಕಾಕ್ಸನ್’ ಡಾಡ್ ಇನ್ನೊಂದು ಕಡೆ ನಿಂತರು. ಪೈಪೋಟಿ ಎಂಥದ್ದೆಂದರೆ, ವಿಲಿಸ್ ಜಾಕ್ಸನ್ ಅವರ ಒಂದು ಸ್ಯಾಕ್ಸೊಫೋನ್ ರೆಕಾರ್ಡಿನ ಲೇಬಲ್ಲನ್ನೇ ಡಾಡ್ ಕೆರೆದು ಹಾಕಿ, ಅದಕ್ಕೆ ‘ಕಾಕ್ಸನ್ ಹಾಪ್’ ಎಂದು ತಮ್ಮ ಹೆಸರಿಟ್ಟು ಮೆರೆದರು. ಅದರ ಅಸಲಿ ಹೆಸರು ಪತ್ತೆ ಹಚ್ಚಲು ರೀಡ್ ಪಡಬಾರದ ಪಾಡು ಪಟ್ಟರು. ಮುಂದೆ ಅಮೆರಿಕದಲ್ಲಿ ಜನರ ರುಚಿ ಬದಲಾಗಿ, ಇವರಿಗೆ ಬೇಕಾದ ಥರದ ರೆಕಾರ್ಡು ಬರುವುದು ಕಡಿಮೆಯಾಯಿತು. ಆಗ ಇದೇ ಸೌಂಡಿನ ಮಾಲೀಕರು ತಾವೇ ಹಾಡುಗಾರರನ್ನು ಹಿಡಿದು ತಂದು ರೆಕಾರ್ಡ್ ಮಾಡಿಸಿದರು. ಸ್ಕಾ, ರಾಕ್‌ಸ್ಟೆಡಿ, ರೆಗೆ ಹುಟ್ಟಿದ್ದು ಹೀಗೆ. ಅಂದರೆ ಮೈಕ್ ಸೆಟ್ಟು ಮೊದಲು, ಸಂಗೀತ ಆಮೇಲೆ. ಮೊದಲ ಓದುಗರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಉಳಿದರ್ಧ ಹಡಗಿನಲ್ಲಿ ಬರುತ್ತದೆ. 1948ರ ಜೂನ್ 22ರಂದು ‘ಎಂಪೈರ್ ವಿಂಡ್‌ರಶ್’ ಹಡಗಿನ ಜನ ಲಂಡನ್ ಸಮೀಪದ ಟಿಲ್ಬರಿಯಲ್ಲಿ ಇಳಿದರು. ಅದರ ಹಿಂದೆ ಕೆರಿಬಿಯನ್ ದ್ವೀಪಗಳಿಂದ ವರ್ಷವರ್ಷವೂ ಜನ ಬಂದರು. ಬಸ್ಸು ಓಡಿಸಲು, ಆಸ್ಪತ್ರೆಯಲ್ಲಿ ದುಡಿಯಲು, ಗಿರಣಿ ನಡೆಸಲು ಅವರು ಬೇಕಿದ್ದರು. ಶನಿವಾರ ಸಂಜೆ ಅವರು ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಪಬ್ಬಿನಲ್ಲಿ ಕರಿಯರಿಗೆ ಬಿಯರ್ ಕೊಡುವುದಿಲ್ಲ ಎಂದರೆ ಕೇಳುವವರಿರಲಿಲ್ಲ. ಅದನ್ನು ತಪ್ಪೆಂದು ಹೇಳುವ ಮೊದಲ ಕಾನೂನು ಬಂದದ್ದು 1965ರಲ್ಲಿ. ಡ್ಯಾನ್ಸ್ ಹಾಲುಗಳ ಬಾಗಿಲಲ್ಲೂ ಅದೇ ಮಾತು.

50ರ ದಶಕದ ಮೊದಲರ್ಧದಲ್ಲಿ ಹಡಗಿನೊಳಗೆ ಬಚ್ಚಿಟ್ಟುಕೊಂಡು, ಟಿಕೆಟಿಲ್ಲದೆ ಬಂದಿಳಿದವರಲ್ಲಿ ವಿನ್ಸೆಂಟ್ ಫೋರ್ಬ್ಸ್ ಒಬ್ಬರು. ಕಿಂಗ್‌ಸ್ಟನ್ನಿನಲ್ಲಿ ಟಾಮ್ ವಾಂಗ್ ಅವರ ಸೌಂಡಿನಲ್ಲಿ ರೆಕಾರ್ಡು ಆರಿಸಿ ಹಾಕುತ್ತಿದ್ದವರು. 1955ರಲ್ಲಿ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ‘ಡ್ಯೂಕ್ ವಿನ್’ ಎಂಬ ಹೆಸರಿನಲ್ಲಿ ತಮ್ಮದೇ ಸೌಂಡ್ ಕಟ್ಟಿದರು. ಬ್ರಿಟನ್ನಿನ ಮೊದಲ ಸೌಂಡ್ ಸಿಸ್ಟಮ್ ಅದೇ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅವರ ಹಾಗೆಯೇ ಕದ್ದು ಬಂದ ಗೆಳೆಯ ವಿಲ್ಬರ್ಟ್ ಕ್ಯಾಂಪ್‌ಬೆಲ್, ‘ಕೌಂಟ್ ಸಕಲ್’ ಎಂಬ ಹೆಸರಿನಲ್ಲಿ ಎದುರಾಳಿಯಾದರು. 1958ರಲ್ಲಿ ಲ್ಯಾಂಬೆತ್ ಟೌನ್ ಹಾಲಿನಲ್ಲಿ ಇಬ್ಬರಿಗೂ ಪಣ ಬಿತ್ತು, ಡ್ಯೂಕ್ ವಿನ್ ಗೆದ್ದರು. ಅದೇ ವರ್ಷದ ಬೇಸಿಗೆಯ ಕೊನೆಯಲ್ಲಿ ನಾಟಿಂಗ್ ಹಿಲ್‌ನಲ್ಲಿ ಬಿಳಿಯ ಹುಡುಗರ ಗುಂಪುಗಳು ಕರಿಯರ ಮನೆಗಳ ಮೇಲೆ ಬಿದ್ದವು ಎಂಬುದನ್ನೂ ಇದರ ಜೊತೆಗೇ ಇಟ್ಟು ನೋಡಬೇಕು.

ಪಣ ಎಂದೆ. ಇದು ಅರ್ಥವಾಗಲು ಕರಾವಳಿಯವರಿಗೆ ಕಷ್ಟವೇ ಇಲ್ಲ. ಯಕ್ಷಗಾನದ ಜೋಡಾಟದಲ್ಲಿ ಎರಡು ಮೇಳಗಳು ಒಂದೇ ಬಯಲಿನಲ್ಲಿ ರಂಗಸ್ಥಳ ಕಟ್ಟಿ, ರಾತ್ರಿಯಿಡೀ ಒಬ್ಬರನ್ನೊಬ್ಬರು ಮೀರಿಸಲು ಹೊರಡುತ್ತಾರಲ್ಲ, ಸೌಂಡ್ ಕ್ಲ್ಯಾಶ್ ಅದೇ. ಎದುರುಬದುರು ಎರಡು ಸೌಂಡ್, ನಡುವೆ ಜನ. ಒಬ್ಬರು ಕೆಲವು ಹಾಡು ಹಾಕಿದ ಮೇಲೆ ಇನ್ನೊಬ್ಬರ ಸರದಿ. ತೀರ್ಪುಗಾರ ಜನವೇ. ಹಾಡು ಮನಸ್ಸಿಗೆ ಹಿಡಿದರೆ ಗೋಡೆ ಬಡಿದು ಕೂಗುತ್ತಾರೆ. ಆಗ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಸೂಜಿ ಎತ್ತಿ ಮತ್ತೆ ಮೊದಲಿನಿಂದ ಹಾಕಬೇಕು. ಮನಸ್ಸಿಗೆ ಬರದಿದ್ದರೆ ಬೆನ್ನು ತಿರುಗಿಸಿ ಎದುರಾಳಿಯ ಕಡೆ ನಡೆಯುತ್ತಾರೆ. ಈ ಆಟದಲ್ಲಿ ಎದುರಾಳಿಯ ಬಳಿ ಇಲ್ಲದ ಹಾಡು ನಿಮ್ಮ ಬಳಿ ಇರಲೇಬೇಕು. ಅದಕ್ಕೇ ಡಬ್‌ಪ್ಲೇಟ್. ಅಲ್ಯುಮಿನಿಯಂ ತಟ್ಟೆಯ ಮೇಲೆ ಮೆರುಗೆಣ್ಣೆಯ ಪದರ ಬಳಿದು, ಅದರಲ್ಲಿ ಒಂದೇ ಒಂದು ಪ್ರತಿ ಕೆತ್ತಿಸಿಕೊಳ್ಳುವುದು. ಅಂಗಡಿಯಲ್ಲಿ ಸಿಗುವ ರೆಕಾರ್ಡಿನಷ್ಟು ಗಟ್ಟಿ ಅಲ್ಲ, ಹಾಕಿದಷ್ಟೂ ಸವೆಯುತ್ತದೆ. ಆದರೂ ಹೆಸರಾಂತ ಹಾಡುಗಾರರಿಂದ ತಮ್ಮ ಸೌಂಡಿನ ಹೆಸರನ್ನೇ ಹಾಡಿನೊಳಗೆ ಸೇರಿಸಿ ಹಾಡಿಸಿ, ವಾರದ ಸಂಬಳವನ್ನು ಅದಕ್ಕೆ ಸುರಿದವರಿದ್ದರು.

ಟೌನ್ ಹಾಲು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ವಾರವಾರದ ಜಾಗ ಮನೆಯೇ. ನೆಲಮಾಳಿಗೆಯ ಕೋಣೆ ಖಾಲಿ ಮಾಡಿ, ಮಂಚ ಕುರ್ಚಿಗಳನ್ನು ಹಿತ್ತಿಲ ಕೋಣೆಗೆ ತುಂಬಿ, ಬಲ್ಬಿಗೆ ಕೆಂಪೋ ನೀಲಿಯೋ ಬಣ್ಣ ಬಳಿದು, ಬಾಗಿಲಲ್ಲಿ ಚಿಲ್ಲರೆ ವಸೂಲು ಮಾಡುವ ‘ಬ್ಲೂಸ್ ಡ್ಯಾನ್ಸ್’. ಅಡುಗೆಮನೆಯಲ್ಲಿ ಆಡಿನ ಮಾಂಸದ ಸಾರು, ಅನ್ನ, ರಮ್ಮು. ಆ ಸಾರಿಗೆ ಮಸಾಲೆ ಕೊಟ್ಟವರು ಜಮೈಕಾಕ್ಕೆ ಕಬ್ಬಿನ ಗದ್ದೆ ಕೂಲಿಗೆ ಹೋದ ಭಾರತೀಯರು ಎಂಬುದು ಬೇರೆಯೇ ಅಂಕಣ. ಬಂದ ದುಡ್ಡಿನಲ್ಲಿ ಎಷ್ಟೋ ಮನೆಗಳ ಬಾಡಿಗೆ ಸಂದಾಯವಾಯಿತು. ಬೆಳಗಿನ ತನಕ ನಡೆಯುತ್ತಿದ್ದ ಈ ಕೂಟಗಳಲ್ಲಿ ವಾರವಿಡೀ ಬಾಯಿ ಮುಚ್ಚಿಕೊಂಡು ದುಡಿದವರು ತಮ್ಮ ಮಾತಿನಲ್ಲಿ ಮಾತಾಡಿದರು, ತಮ್ಮ ಊರಿನ ಸುದ್ದಿ ಕೇಳಿದರು, ಮದುವೆ ಕುದುರಿಸಿದರು. ಡ್ಯಾನ್ಸ್ ಹಾಲ್ ಕೊಡದವರ ದೇಶದಲ್ಲಿ ಇವರು ಪೆಟ್ಟಿಗೆಗಳಿಂದಲೇ ಒಂದು ಹಾಲ್ ಕಟ್ಟಿಕೊಂಡರು. ಭಾನುವಾರ ಬೆಳಿಗ್ಗೆ ಅದನ್ನು ಬಿಚ್ಚಿ ವ್ಯಾನಿಗೆ ತುಂಬಿ ಹೊರಟರು.

ಆ ಪೆಟ್ಟಿಗೆ ಅಷ್ಟು ದೊಡ್ಡದು ಯಾಕಿರಬೇಕು? ಇದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ. ರೆಗೆಯ ಜೀವ ಇರುವುದು ಬಾಸ್ ಗಿಟಾರಿನಲ್ಲಿ. ಸೆಕೆಂಡಿಗೆ 50 ಸಲ ಕಂಪಿಸುವ ಒಂದು ತಗ್ಗು ಸ್ವರದ ಅಲೆಯ ಉದ್ದ ಸುಮಾರು 7 ಮೀಟರ್. ಅಷ್ಟು ಉದ್ದದ ಅಲೆ ಎಬ್ಬಿಸಬೇಕಾದರೆ ಬಹಳಷ್ಟು ಗಾಳಿಯನ್ನು ತಳ್ಳಬೇಕು, ಅಂಗೈಯಗಲದ ಸ್ಪೀಕರಿನಿಂದ ಆಗುವ ಕೆಲಸವಲ್ಲ. ಸಾಲದ್ದಕ್ಕೆ ನಮ್ಮ ಕಿವಿಗೆ ತಗ್ಗು ಸ್ವರ ಸರಿಯಾಗಿ ಕೇಳಿಸುವುದೇ ಇಲ್ಲ. ಎತ್ತರದ ಸ್ವರದಷ್ಟೇ ಜೋರಾಗಿ ಕೇಳಬೇಕೆಂದರೆ ಅದಕ್ಕೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕು. ಹಾಗಾಗಿ 18 ಇಂಚಿನ ಸ್ಪೀಕರು, ಅದರ ಹಿಂದೆ ಗಾಳಿಯನ್ನು ತಿರುವಿ ಮುಂದಕ್ಕೆ ನೂಕುವ ಹೊಟ್ಟೆಯುಳ್ಳ ಪ್ಲೈವುಡ್ ಪೆಟ್ಟಿಗೆ, ಅದನ್ನು ಅಲ್ಲಾಡಿಸಲು ವಾಲ್ವ್ ಆಂಪ್ಲಿಫೈಯರು. ಇಂಥದ್ದು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕೈಯಾರೆ ಮಾಡಬೇಕಿತ್ತು. ಹಲಗೆಯ ಜೋಡಣೆಯಲ್ಲಿ ಕೂದಲೆಳೆ ಸಂದು ಉಳಿದರೂ ಬಾಸು ಬಿದ್ದಾಗ ಪೆಟ್ಟಿಗೆ ಗಡಗಡ ಎನ್ನುತ್ತದೆ, ಆ ರಾತ್ರಿ ಮಾನ ಹೋಗುತ್ತದೆ. ಒಳ್ಳೆಯ ಬಡಗಿಗೆ ಅದಕ್ಕೇ ಅಷ್ಟು ಬೆಲೆ. ಮುಂದೆ ಜಗತ್ತಿಗೇ ಗೊತ್ತಾದ ಗಾಯಕ ಮ್ಯಾಕ್ಸಿ ಪ್ರೀಸ್ಟ್ ಬಡಗಿ ಕೆಲಸ ಕಲಿತವರು. ದಕ್ಷಿಣ ಲಂಡನ್ನಿನ ‘ಸ್ಯಾಕ್ಸನ್’ ಸೌಂಡಿಗೆ ಅವರು ಬಂದದ್ದು ಪೆಟ್ಟಿಗೆ ಮಾಡಿಕೊಡಲು, ಮೈಕು ಹಿಡಿದದ್ದು ಆಮೇಲೆ. ಯಾರ್ಕ್‌ಶೈರಿನ ಬಟ್ಟೆ ಗಿರಣಿಗಳ ಊರು ಹಡರ್ಸ್‌ಫೀಲ್ಡಿನಲ್ಲಿ ಊರಿನ ಗಾತ್ರಕ್ಕೆ ಮೀರಿ ಸೌಂಡುಗಳಿದ್ದವು. ಗಿರಣಿಯ ದುಡ್ಡಿನ ಜೊತೆಗೆ ಇನ್ನೊಂದು ಅನುಕೂಲವೂ ಅಲ್ಲಿತ್ತು: ‘ಮ್ಯಾಟ್‌ಆಂಪ್’ ಎಂಬ ವಾಲ್ವ್ ಆಂಪ್ಲಿಫೈಯರ್ ತಯಾರಾಗುತ್ತಿದ್ದದ್ದು ಅದೇ ಊರಿನಲ್ಲಿ. ತಮಗೆ ಬೇಕಾದಷ್ಟು ಭಾರದ ಬಾಸು ಕೊಡುವ ಯಂತ್ರವನ್ನು ಹುಡುಗರು ಎದುರು ನಿಂತು ಮಾಡಿಸಿಕೊಂಡರು.

ಬ್ರಿಕ್ಸ್‌ಟನ್ನಿನಲ್ಲಿ ನಾನು ಕ್ಷೌರಕ್ಕೆ ಹೋಗುತ್ತಿದ್ದ ಅಂಗಡಿಯ ಹಿರಿಯರೊಬ್ಬರು ಪ್ರಾಯದಲ್ಲಿ ಪೆಟ್ಟಿಗೆ ಹೊರುವ ಹುಡುಗರಾಗಿದ್ದವರು. ಕತ್ತರಿ ಆಡಿಸುತ್ತಲೇ ಹೇಳುತ್ತಿದ್ದರು: ಮಧ್ಯಾಹ್ನವೇ ಹೋಗಿ ವೈರು ಎಳೆಯಬೇಕು, ರಾತ್ರಿಯೆಲ್ಲ ಪೆಟ್ಟಿಗೆ ಕಾಯಬೇಕು, ಬೆಳಿಗ್ಗೆ ಎಲ್ಲರೂ ಮನೆಗೆ ಹೋದ ಮೇಲೆ ಇಳಿಸಬೇಕು. ಕೂಲಿ ಎಂದರೆ ಒಳಗೆ ಪುಕ್ಕಟೆ ಪ್ರವೇಶ, ಒಂದು ತಟ್ಟೆ ಊಟ. ‘ಹಾಡು ಒಂದೂ ನೆನಪಿಲ್ಲಪ್ಪ, ಸೊಂಟಕ್ಕೆ ಎಲ್ಲ ನೆನಪಿದೆ’ ಎಂದು ನಗುತ್ತಿದ್ದರು. ರೆಗೆಯ ಪುಸ್ತಕಗಳಲ್ಲಿ ಇಂಥವರ ಹೆಸರು ಸಿಗುವುದಿಲ್ಲ. ಆ ಪುಸ್ತಕಗಳ ಮೇಲೆ ನನಗಿರುವ ತಕರಾರೂ ಅದೇ.

ಸೌಂಡಿನೊಳಗೆ ಕೆಲಸ ಹಂಚಿಕೆ ಸ್ಪಷ್ಟ. ಹಾಡು ಆರಿಸುವವರು ಸೆಲೆಕ್ಟರ್. ಬಾಸು, ನಡುಸ್ವರ, ಮೇಲುಸ್ವರ ಬೇರೆ ಬೇರೆ ಹಿಡಿದು ತಿರುವುವವರು ಆಪರೇಟರ್. ಬಾಸನ್ನು ಒಂದು ಗಳಿಗೆ ಪೂರ್ತಿ ಕಿತ್ತು, ಜನ ಕಾಯುವಷ್ಟು ಹೊತ್ತು ಕಾಯಿಸಿ, ಮತ್ತೆ ಬಿಡುವುದು ಇವರ ಕೈಚಳಕ. ಹಾಡಿಲ್ಲದ ಬರೀ ವಾದ್ಯಸಂಗೀತದ ಮೇಲೆ ಆಶುವಾಗಿ ಮಾತು ಕಟ್ಟಿ ಹಾಡುವವರು ಡೀಜೆ. ಇವೆಲ್ಲವನ್ನೂ ಒಬ್ಬರೇ ಮಾಡಿದವರು ಜಾ ಶಾಕಾ. ಜಮೈಕಾದಲ್ಲಿ ಹುಟ್ಟಿ, ಆಗ್ನೇಯ ಲಂಡನ್ನಿನ ಲೂಯಿಶಮ್‌ನಲ್ಲಿ ಬೆಳೆದು, 70ರ ದಶಕದಿಂದ 2023ರಲ್ಲಿ ತೀರಿಕೊಳ್ಳುವ ತನಕ ಅದೇ ವ್ರತ. ಎಲ್ಲರೂ ಎರಡು ಟರ್ನ್‌ಟೇಬಲ್ ಇಟ್ಟರೆ ಇವರದು ಒಂದೇ. ಹಾಡಿಗೂ ಹಾಡಿಗೂ ನಡುವೆ ಮೌನ ಬಂದರೆ ಬರಲಿ. ರಾಸ್ತಾಫಾರಿ ಪಂಥದ ಭಕ್ತರು, ರಾತ್ರಿಯಿಡೀ ಕತ್ತಲಲ್ಲಿ ದೇವರ ಹಾಡು, ಪ್ರತಿಧ್ವನಿ, ಸೈರನ್ನು, ಎದೆಗೂಡಿಗೆ ಬಡಿಯುವ ಬಾಸು. ಅವರ ಸೌಂಡಿನ ಮುಂದೆ ನಾನು ನಿಂತಾಗ ಮೊದಲು ಅನಿಸಿದ್ದು ಭಯ. ಅಂಗಿ ತಾನಾಗಿ ಅದುರುತ್ತಿತ್ತು, ಉಸಿರು ಎಳೆದದ್ದು ನಾನೋ ಸ್ಪೀಕರೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಭಯ ಹೋಯಿತು. ಸುತ್ತ ಯಾರೂ ಮಾತಾಡುತ್ತಿರಲಿಲ್ಲ, ಯಾರೂ ಯಾರನ್ನೂ ನೋಡುತ್ತಿರಲಿಲ್ಲ, ಅರವತ್ತು ದಾಟಿದ ಹೆಂಗಸೊಬ್ಬರು ಪೆಟ್ಟಿಗೆಗೆ ಹಣೆ ತಾಗುವಷ್ಟು ಹತ್ತಿರ ನಿಂತು ಹೆಜ್ಜೆ ಹಾಕುತ್ತಿದ್ದರು.

ಇಷ್ಟು ಬಾಸು ಗೋಡೆ ದಾಟದೆ ಇರುತ್ತದೆಯೆ? ಉದ್ದದ ಅಲೆಗೆ ಇಟ್ಟಿಗೆ ಗೋಡೆ ಲೆಕ್ಕಕ್ಕಿಲ್ಲ. ಪಕ್ಕದ ಮನೆಯವರ ನಿದ್ದೆ ಕೆಟ್ಟದ್ದು ಸುಳ್ಳಲ್ಲ, ಅವರ ದೂರು ಬರೀ ಜನಾಂಗದ್ವೇಷ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಪೊಲೀಸರು ಬಂದದ್ದು ಸದ್ದು ತಗ್ಗಿಸಲು ಮಾತ್ರ ಎಂದರೆ ಅದನ್ನೂ ಒಪ್ಪಲಾಗದು. ಅನುಮಾನ ಬಂದರೆ ಸಾಕು, ಹಿಡಿಯಬಹುದು ಎಂಬ ಅಧಿಕಾರವನ್ನು 1824ರ ಅಲೆಮಾರಿಗಳ ಕಾಯಿದೆಯಿಂದ ಎತ್ತಿ ತೆಗೆದು ಕರಿಯ ಹುಡುಗರ ಮೇಲೆ ಬಳಸುತ್ತಿದ್ದ ಕಾಲ ಅದು. 1974ರ ಅಕ್ಟೋಬರಿನಲ್ಲಿ ಕ್ರಿಕಲ್‌ವುಡ್‌ನ ಕ್ಯಾರಿಬ್ ಕ್ಲಬ್ಬಿನ ಕ್ಲ್ಯಾಶ್‌ಗೆ ಪೊಲೀಸರು ನುಗ್ಗಿದರು, ಹೊಡೆದಾಟವಾಯಿತು. ‘ಜಾ ಸಫರರ್’ ಸೌಂಡಿನ ಡೆನಿಸ್ ಬೋವೆಲ್ ಅವರ ಮೇಲೆ ಜನರನ್ನು ಎತ್ತಿಕಟ್ಟಿದ ಆರೋಪ ಬಂತು, ಮೂರು ವರ್ಷ ಶಿಕ್ಷೆಯಾಯಿತು. ಆರು ತಿಂಗಳು ಒಳಗಿದ್ದ ಮೇಲೆ ಮೇಲ್ಮನವಿಯಲ್ಲಿ ಬಿಡುಗಡೆಯಾದರು. ಇದೇ ಬೋವೆಲ್ 1980ರ ‘ಬ್ಯಾಬಿಲಾನ್’ ಚಿತ್ರಕ್ಕೆ ಸಂಗೀತ ಕೊಟ್ಟರು. ದಕ್ಷಿಣ ಲಂಡನ್ನಿನ ಒಂದು ಸೌಂಡಿನ ಹುಡುಗರ ಕತೆ, ನಿರ್ದೇಶಕ ಫ್ರಾಂಕೊ ರೊಸ್ಸೊ. ಜಾ ಶಾಕಾ ತಮ್ಮ ಸೌಂಡಿನ ಸಮೇತ ಅದರಲ್ಲಿದ್ದಾರೆ. ಬ್ರಿಟನ್ನಿನಲ್ಲಿ ಅದಕ್ಕೆ ವಯಸ್ಕರಿಗೆ ಮಾತ್ರ ಎಂಬ ‘ಎಕ್ಸ್’ ಸರ್ಟಿಫಿಕೇಟ್ ಸಿಕ್ಕಿತು, ಅಂದರೆ ಯಾರ ಕತೆಯೋ ಆ ವಯಸ್ಸಿನವರೇ ನೋಡುವ ಹಾಗಿರಲಿಲ್ಲ. ಅಮೆರಿಕದ ಚಿತ್ರಮಂದಿರ ಮುಟ್ಟಿದ್ದು 2019ರಲ್ಲಿ.

ಮನೆಯೊಳಗಿದ್ದ ಸೌಂಡು ಬೀದಿಗೆ ಬಂದದ್ದು ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲಿ. ಟ್ರಿನಿಡಾಡಿನ ಸ್ಟೀಲ್ ಬ್ಯಾಂಡುಗಳ ಹಬ್ಬವಾಗಿದ್ದ ಅದಕ್ಕೆ, 1973ರಲ್ಲಿ ಹೊಣೆ ಹೊತ್ತ ಲೆಸ್ಲಿ ಪಾಮರ್ ಸೌಂಡ್ ಸಿಸ್ಟಮ್‌ಗಳನ್ನು ಕರೆದು ಬೀದಿ ಮೂಲೆಗಳಲ್ಲಿ ನಿಲ್ಲಿಸಿದರು. ಹಳಬರು ಮೂಗು ಮುರಿದರು, ಬ್ರಿಟನ್ನಿನಲ್ಲೇ ಹುಟ್ಟಿದ ಹುಡುಗರು ಗುಂಪುಗುಂಪಾಗಿ ಬಂದರು. 1976ರಲ್ಲಿ ಸುಮಾರು 3000 ಪೊಲೀಸರೂ ಬಂದರು, ಗಲಭೆ ಆಯಿತು. ಇಂದಿಗೂ ಕಾರ್ನಿವಲ್ ಹತ್ತಿರವಾದಾಗ ಆ ಬೀದಿಗಳ ಶ್ರೀಮಂತರು ಕಿಟಕಿಗಳಿಗೆ ಪ್ಲೈವುಡ್ ಹೊಡೆಸಿ ಊರು ಬಿಡುತ್ತಾರೆ. ಎದುರಿನ ಪೆಟ್ಟಿಗೆಗಳೂ ಪ್ಲೈವುಡ್ಡಿನವೇ.

1981ರ ಜನವರಿ 18ರ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ನ್ಯೂ ಕ್ರಾಸ್ ರಸ್ತೆಯ ಒಂದು ಮನೆಯಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿದ್ದಾಗ ಬೆಂಕಿ ಬಿತ್ತು, 13 ಜನ ಎಳೆಯರು ಸತ್ತರು. ಸರ್ಕಾರದಿಂದ ಸಂತಾಪದ ಮಾತು ಬಾರದ್ದು ಜನರನ್ನು ಕೆರಳಿಸಿತು. ಮಾರ್ಚ್ 2ರಂದು ಸಾವಿರಾರು ಜನ ಲಂಡನ್ನಿನ ನಡುವೆ ಮೆರವಣಿಗೆ ಹೋದರು. ಮನೆ ಪಾರ್ಟಿ ಎಂಬುದು ಮೋಜಿನ ಮಾತಾಗಿ ಉಳಿಯಲಿಲ್ಲ.

ಇಲ್ಲಿಯವರೆಗೆ ಬರೀ ಗಂಡಸರೇ ಬಂದರಲ್ಲ ಎಂದು ನಿಮಗೆ ಅನಿಸಿದ್ದರೆ ಅದು ಸರಿ. ಸೌಂಡು ಗಂಡಸರ ಮಠವಾಗಿತ್ತು, ಶಾಕಾರಂಥವರ ಕೂಟಗಳಂತೂ ಇನ್ನಷ್ಟು. ಅದಕ್ಕೆ ತಿರುಗೇಟು ಕೊಟ್ಟದ್ದು ‘ಲವರ್ಸ್ ರಾಕ್’, ಬ್ರಿಟನ್ನಿನಲ್ಲೇ ಹುಟ್ಟಿದ ರೆಗೆ. 1975ರಲ್ಲಿ ಲಾಯ್ಡ್ ಕಾಕ್ಸನ್ ಎಂಬ ಲಂಡನ್ ಸೌಂಡಿನ ಮಾಲೀಕರು ಶಾಲಾ ಹುಡುಗಿ ಲೂಯಿಸಾ ಮಾರ್ಕ್ ಅವರಿಂದ ಒಂದು ಪ್ರೇಮಗೀತೆ ಹಾಡಿಸಿದರು. ಬಾಸು ಅದೇ ಭಾರದ್ದು, ಮೇಲೆ ತೆಳುವಾದ ಹೆಣ್ಣುದನಿ. ಸಭೆಯಲ್ಲಿ ಹೆಣ್ಣುಮಕ್ಕಳು ತುಂಬಿದರು. 1979ರಲ್ಲಿ ಬೋವೆಲ್ ಬರೆದು ಜ್ಯಾನೆಟ್ ಕೇ ಹಾಡಿದ ‘ಸಿಲ್ಲಿ ಗೇಮ್ಸ್’ ಬ್ರಿಟಿಷ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಲವರ್ಸ್ ರಾಕನ್ನು ಸಪ್ಪೆ ಎಂದು ಬದಿಗಿಡುವ ವಿಮರ್ಶಕರಿದ್ದಾರೆ. ನನಗೆ ಅವರ ಗಾಂಭೀರ್ಯವೇ ಸಪ್ಪೆ ಅನಿಸುತ್ತದೆ.

ಎರಡನೇ ಓದುಗರ ಪ್ರಶ್ನೆಗೆ ನೇರ ಉತ್ತರ 1984ರಲ್ಲಿದೆ. ಅಲ್ಲಿಯವರೆಗೆ ಜಮೈಕಾ ಕಲಿಸಿತ್ತು, ಲಂಡನ್ ಕಲಿತಿತ್ತು. 1976ರಲ್ಲಿ ಲೂಯಿಶಮ್‌ನಲ್ಲಿ ಶುರುವಾದ ಸ್ಯಾಕ್ಸನ್ ಸೌಂಡಿನ ಹುಡುಗರು ಉಸಿರು ತೆಗೆದುಕೊಳ್ಳದೆ ಎರಡು ಪಟ್ಟು ವೇಗದಲ್ಲಿ ಮಾತು ಪೋಣಿಸುವ ಶೈಲಿಯೊಂದನ್ನು ಹುಟ್ಟಿಸಿದರು. ಅವರಲ್ಲೊಬ್ಬರಾದ ಪಾಪಾ ಲೀವೈ ಅವರ ಹಾಡು ಆ ವರ್ಷ ಜಮೈಕಾದಲ್ಲೇ ಮೊದಲ ಸ್ಥಾನಕ್ಕೆ ಏರಿತು. ಅದೇ ಸೌಂಡಿನ ಸ್ಮೈಲಿ ಕಲ್ಚರ್ ಪೂರ್ವ ಲಂಡನ್ನಿನ ಕಾಕ್ನಿಯನ್ನೂ ಜಮೈಕಾದ ಆಡುಮಾತನ್ನೂ ಒಂದೇ ಹಾಡಿನಲ್ಲಿ ಆಡಿದರು. ಪೊಲೀಸರನ್ನು ಗೇಲಿ ಮಾಡಿದ ಅವರ ಹಾಡು ಟಿವಿಯ ‘ಟಾಪ್ ಆಫ್ ದ ಪಾಪ್ಸ್’ನಲ್ಲಿ ಬಂತು. 2011ರಲ್ಲಿ ಪೊಲೀಸರು ಅವರ ಮನೆ ಶೋಧಿಸುತ್ತಿದ್ದ ಹೊತ್ತಿನಲ್ಲೇ ಅವರು ಸತ್ತರು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು, ಯಾಕೆಂದರೆ ಅದು ನಿಮಗೆ ಗೊತ್ತಿರುವ ಸಂಗೀತ. 1989ರಲ್ಲಿ ಬ್ರಿಟಿಷ್ ಪಟ್ಟಿಯ ತುದಿಗೇರಿದ ‘ಸೋಲ್ ಟು ಸೋಲ್’ ಮೂಲತಃ ಜ್ಯಾಜಿ ಬಿ ಕಟ್ಟಿದ ಸೌಂಡು. ಬ್ರಿಸ್ಟಲ್‌ನ ‘ವೈಲ್ಡ್ ಬಂಚ್’ ಸೌಂಡಿನಿಂದ ‘ಮ್ಯಾಸಿವ್ ಅಟ್ಯಾಕ್’ ಬಂತು. ಜಂಗಲ್, ಗರಾಜ್, ಗ್ರೈಮ್, ಡಬ್‌ಸ್ಟೆಪ್ ಎಲ್ಲದರಲ್ಲೂ ಡಬ್‌ಪ್ಲೇಟ್, ಸೂಜಿ ಎತ್ತಿ ಮರಳಿ ಹಾಕುವುದು, ಮೈಕು ಹಿಡಿದವರ ಪಣ, ಯಾವುದೂ ಬಿಟ್ಟುಹೋಗಿಲ್ಲ. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ ಸೌಂಡುಗಳ ನಡುವೆ ಬೆಳೆದ ಪಂಜಾಬಿ ಹುಡುಗ ಸ್ಟೀವನ್ ಕಪೂರ್ ‘ಅಪಾಚೆ ಇಂಡಿಯನ್’ ಆಗಿ ನಮ್ಮ ಟಿವಿಗೂ, ಎ.ಆರ್. ರೆಹಮಾನ್ ಅವರ ಹಾಡಿಗೂ ಬಂದದ್ದು ಈ ದಾರಿಯಿಂದಲೇ. ಭಾರತದ ನಂಟು ಇನ್ನೂ ಹಿಂದಿನದು: 1968ರಲ್ಲಿ ಹುಟ್ಟಿ ಬ್ರಿಟನ್ನಿಗೆಲ್ಲ ರೆಗೆ ಹಂಚಿದ ಟ್ರೋಜನ್ ರೆಕಾರ್ಡ್ಸ್ ಕಟ್ಟಿದವರಲ್ಲಿ ಒಬ್ಬರಾದ ಲೀ ಗೋಪ್ತಾಲ್ ಭಾರತೀಯ ಮೂಲದ ಜಮೈಕನ್. ಆ ಕಂಪನಿಯ ಹೆಸರು ಡ್ಯೂಕ್ ರೀಡ್ ಅವರ ಸೌಂಡಿನಿಂದ ಬಂದದ್ದು.

ಈಗ ವಿಶ್ವವಿದ್ಯಾಲಯಗಳಲ್ಲಿ ಸೌಂಡಿನ ಮೇಲೆ ಸಮ್ಮೇಳನ ನಡೆಯುತ್ತದೆ, ಹಡರ್ಸ್‌ಫೀಲ್ಡಿನ ಹಳೇ ಸೌಂಡುಗಳ ಬಗ್ಗೆ ಪ್ರದರ್ಶನ, ಪುಸ್ತಕ ಬಂದಿವೆ. ಸಂತೋಷವೇ. ಆದರೆ ಇದೇ ಲಂಡನ್ನಿನಲ್ಲಿ ಪಾರ್ಟಿ ಮಾಡುವವರು ಹಾಡುಗಾರರ ಹೆಸರು, ಫೋನ್ ನಂಬರನ್ನು ಪೊಲೀಸರಿಗೆ ಮುಂಗಡ ಬರೆದುಕೊಡಬೇಕೆಂಬ ‘ಫಾರ್ಮ್ 696’ ಜಾರಿಯಲ್ಲಿತ್ತು, 2017ರ ತನಕ. ಡಾಲ್‌ಸ್ಟನ್ನಿನ ಸೌಂಡುಗಳಿಗೆ ಹೆಸರಾಗಿದ್ದ ‘ಫೋರ್ ಏಸಸ್’ ಕ್ಲಬ್ಬನ್ನು 2007ರಲ್ಲಿ ಕೆಡವಿ ಮೇಲೆ ಫ್ಲ್ಯಾಟು ಕಟ್ಟಿದರು. ಮ್ಯೂಸಿಯಮ್ಮಿನಲ್ಲಿಟ್ಟ ಪೆಟ್ಟಿಗೆಗೆ ಪಕ್ಕದ ಮನೆಯವರ ಕಾಟವಿಲ್ಲ, ಸರಿ. ಅದಕ್ಕೆ ಯಾರೂ ವೈರೂ ಕೊಡುವುದಿಲ್ಲ.

ಕೇಳಬೇಕು ಎನ್ನುವವರಿಗೆ ಎರಡು ಮಾತು. ‘ಬ್ಯಾಬಿಲಾನ್’ ನೋಡಿ, ಸ್ಟೀವ್ ಮೆಕ್ವೀನ್ ಅವರ 2020ರ ‘ಲವರ್ಸ್ ರಾಕ್’ ನೋಡಿ; ಒಂದೇ ರಾತ್ರಿಯ ಮನೆ ಪಾರ್ಟಿಯ ಚಿತ್ರ ಅದು, ‘ಸಿಲ್ಲಿ ಗೇಮ್ಸ್’ ಹಾಡಿಗೆ ಅದರಲ್ಲಿ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ, ಅದರಲ್ಲಿ ಬಾಸು ಬರುವುದೇ ಇಲ್ಲ, ಕೇಳಿದಂತಾಗುವುದಿಲ್ಲ. ಲಂಡನ್ನಿನಲ್ಲಿ ಮಕ್ಕಳ ಮನೆಗೆ ಹೋಗುವವರು ಕಾರ್ನಿವಲ್ ನಡೆಯುವ ಆಗಸ್ಟಿನ ಕೊನೆಯ ಸೋಮವಾರ, ಅದರ ಹಿಂದಿನ ಭಾನುವಾರ ನೋಡಿಕೊಂಡು ಟಿಕೆಟ್ ಮಾಡಿಸಿ. ಸಂಜೆ ಏಳಕ್ಕೆ ಸೌಂಡು ಬಂದ್, ಆದ್ದರಿಂದ ಮಧ್ಯಾಹ್ನವೇ ಹೋಗಿ, ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ. ಬಾಸು ಕೇಳುವುದು ಎದೆಯಲ್ಲಾದ್ದರಿಂದ ಏನೂ ನಷ್ಟವಿಲ್ಲ.